ನೂರಮೂವತ್ತರ ಬೆಲೆ

ಈ ಒಂದು ದಿನವಾದರೂ ಅದು ಕೈಕೊಡಲಿ ಎಂದುಕೊಂಡೇ ಎವಾಸಿಯೊ ಕೀಲಿ ತಿರುಗಿಸಿದ್ದ. ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಎಷ್ಟೋ ದಿನದಿಂದ ಅವನು ಅದರ ಇಂಜಿನ್ನು ಶುರುಮಾಡಿಯೇ ಇರಲಿಲ್ಲ. ಬ್ಯಾಟರಿ ಇಳಿದಿರಬಹುದು, ನವೆಂಬರಿನ ಥಂಡಿಗೆ ಇಂಜಿನ್ನು ಮುಷ್ಕರ ಹೂಡಬಹುದು ಎಂದೆಲ್ಲ ಆಸೆ ಇಟ್ಟುಕೊಂಡಿದ್ದ. ಆದರೆ ಆರೂ ಸಿಲಿಂಡರುಗಳು, ಕರೆದ ಕೂಡಲೇ ಓಗೊಡುವ ಹಳೆಯ ಆಳುಗಳ ಹಾಗೆ, ಒಂದೇ ದನಿಯಲ್ಲಿ ಎದ್ದವು. ಬೇರೆ ದಿನವಾಗಿದ್ದರೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದ. ಇವತ್ತು ತಟ್ಟಲು ಹೋದ ಕೈ ಅರ್ಧದಲ್ಲೇ ನಿಂತು, ಕದಿಯಲು ಹೋಗಿ ಸಿಕ್ಕಿಬಿದ್ದ ಕೈಯ ಹಾಗೆ, ತೊಡೆಯ ಮೇಲಕ್ಕೆ ವಾಪಸಾಯಿತು.

ಪೋ ನದಿಯ ಕಡೆಯಿಂದ ಬಂದ ಮಂಜು ಕಸಾಲೆಯ ಬೀದಿಗಳನ್ನು ಮೊದಲ ಮಹಡಿಯವರೆಗೂ ನುಂಗಿತ್ತು. ಕಾರಿನ ಉದ್ದನೆಯ ಕಡುನೀಲಿ ಮೂತಿಯ ತುದಿ ಎಲ್ಲಿ ಮುಗಿಯುತ್ತದೆ ಎಂಬುದೇ ಕಾಣದೆ ಎವಾಸಿಯೊ ಅಂದಾಜಿನ ಮೇಲೆ ತಿರುವುಗಳನ್ನು ದಾಟಿದ. ಫಿಯಟ್ ನೂರಮೂವತ್ತು, ಎರಡು ಬಾಗಿಲಿನ ಕೂಪೆ. ಊರಲ್ಲಿ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಕೆಂಪು ಬಣ್ಣದ, ನೆಲಕ್ಕೆ ಅಂಟಿಕೊಂಡು ಅರಚುವ ಕಾರುಗಳಿಗೆ ಕತ್ತು ಹೊರಳಿಸುವ ಜನ ಇದನ್ನು ಕಂಡರೆ ಯಾವುದೋ ಇಲಾಖೆಯ ಸಾಹೇಬರ ಹಳೆಯ ಕಾರು ಹರಾಜಿನಲ್ಲಿ ಸಿಕ್ಕಿರಬೇಕು ಅಂದುಕೊಳ್ಳುತ್ತಿದ್ದರು. ಷಡ್ಡಕ ತುಲ್ಲಿಯೊ ಪ್ರತಿ ಕ್ರಿಸ್ಮಸ್ ಊಟದಲ್ಲೂ ತಪ್ಪದೆ ಕೇಳುತ್ತಿದ್ದ: "ಅಲ್ಲ ಕಣಯ್ಯ, ಇಷ್ಟು ಸುರಿಯೋದೇ ಆದ್ರೆ ಬೇರೆ ಹೆಸರಿಂದು ಸಿಗ್ತಿರಲಿಲ್ವಾ? ಎಷ್ಟಾದ್ರೂ ಫಿಯಟ್ಟು ಫಿಯಟ್ಟೇ." ತಾಂತ್ರಿಕ ಶಾಲೆಯಲ್ಲಿ ಅವನು ರೇಖಾಚಿತ್ರ ಕಲಿಸುತ್ತಿದ್ದಾಗ ಸಹೋದ್ಯೋಗಿಗಳು, ಅವನು ಗೇಟಿನೊಳಗೆ ಕಾರು ತರುತ್ತಿದ್ದ ಹಾಗೇ, "ಮಂತ್ರಿಗಳು ಬಂದ್ರು, ಎದ್ದು ನಿಲ್ರಪ್ಪ" ಅನ್ನುತ್ತಿದ್ದರು. ಮೊದಮೊದಲು ಅವನು ವಾದಿಸಿದ. ಹಲಗೆಯ ಮೇಲೆ ಆ ಕಾರಿನ ಪಕ್ಕದ ಗೆರೆಯನ್ನು ಎಳೆದು ತೋರಿಸಿದ. ಆಮೇಲೆ ನಗುವುದನ್ನು ಕಲಿತ. ಒಂದಲ್ಲ ಒಂದು ದಿನ ಜನಕ್ಕೆ ಕಣ್ಣು ಬರುತ್ತದೆ, ಅವತ್ತು ಬರಲಿ ತುಲ್ಲಿಯೊ, ಎಂದು ಒಳಗೊಳಗೇ ಕಾದ. ಈ ಎರಡು ಮೂರು ವರ್ಷದಿಂದ ಆ ದಿನ ಬಂದೇ ಬಿಟ್ಟಿದೆಯೇನೋ ಅನ್ನಿಸುವ ಹಾಗಿತ್ತು. ಹಳೆಯ ಕಾರುಗಳ ಪತ್ರಿಕೆಯೊಂದು ಅದರ ಬಗ್ಗೆ ನಾಲ್ಕು ಪುಟ ಬರೆದಿತ್ತು, ಜನ ಇಷ್ಟು ಕಾಲ ಕಡೆಗಣಿಸಿದ್ದು ಅನ್ಯಾಯ ಎಂದಿತ್ತು. ಓದುವಾಗ ಅವನ ಕಣ್ಣು ಒದ್ದೆಯಾಗಿತ್ತು. ಈಗ ಅದೇ ಪತ್ರಿಕೆಯನ್ನು ಬೆಲೆ ಕಟ್ಟುವವನು ಓದಿರದಿದ್ದರೆ ಸಾಕು ಅನ್ನಿಸುತ್ತಿತ್ತು.

ಅವನ ಹೆಂಡತಿ ಇರ್ಮಾ, ತನ್ನ ಅಕ್ಕ ಮತ್ತು ತುಲ್ಲಿಯೊನ ಮನೆಯ ಕೆಳಗೆ, ಫುಟ್‌ಪಾತಿನ ಅಂಚಿನಲ್ಲಿ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಮಂಜಿನಲ್ಲಿ ಅವಳ ಬೂದು ಕೋಟು ಕಾಣಲಿಲ್ಲ, ಮುಖ ಮಾತ್ರ ಕಂಡಿತು. ಆರು ತಿಂಗಳಿಂದ ಅವಳು ಅಲ್ಲೇ ಇದ್ದಳು. ಮೇ ತಿಂಗಳಲ್ಲಿ ಅಡಿಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತ, ತಲೆ ಎತ್ತದೆ, "ನಂಗೆ ಸುಸ್ತಾಗಿದೆ ಎವಾಸಿಯೊ" ಎಂದಿದ್ದಳು. ಮಲಗು ಹೋಗು, ನಾನು ಸುಲೀತೀನಿ ಎಂದಿದ್ದ ಅವನು. ಆ ಸುಸ್ತಲ್ಲ ಎಂದು ತಿಳಿಯಲು ಅವನಿಗೆ ಒಂದು ವಾರ ಬೇಕಾಯಿತು. ಅಷ್ಟರಲ್ಲಿ ಅವಳು ಎರಡು ಸೂಟ್‌ಕೇಸು ತುಂಬಿಸಿಕೊಂಡಾಗಿತ್ತು. ಕೂಗಾಟವಿಲ್ಲ, ಮೂರನೆಯವರಿಲ್ಲ. ಮನೆ, ಬ್ಯಾಂಕಿನಲ್ಲಿದ್ದದ್ದು, ಪಾತ್ರೆಪಡಗ ಎಲ್ಲ ಇಬ್ಬರು ವಕೀಲರ ಮುಂದೆ ಒಂದು ಮಧ್ಯಾಹ್ನದಲ್ಲಿ ಭಾಗವಾಗಿಹೋಯಿತು. ಉಳಿದದ್ದು ಕಾರು. ಕಾರು ನಿಮ್ಮ ಹತ್ತಿರವೇ ಇರಲಿ, ಬೆಲೆಯ ಅರ್ಧ ಆಕೆಗೆ ಕೊಡಿ, ಎಂದರು ವಕೀಲರು. ಬೆಲೆ ಕಡಿಮೆಯಾದರೆ ಕೊಡಬಹುದಿತ್ತು. ಜಾಸ್ತಿಯಾದರೆ ಕಾರು ಮಾರಿಯೇ ಕೊಡಬೇಕು. ಪಿಂಚಣಿಯಲ್ಲಿ ಬದುಕುವವನಿಗೆ ಬೇರೆ ದಾರಿಯಿಲ್ಲ.

ಅವನು ಕೂತಲ್ಲಿಂದಲೇ ತನ್ನ ಪಕ್ಕದ ಸಣ್ಣ ಹಿಡಿಕೆಯನ್ನು ಎಳೆದ. ಆಚೆ ಬದಿಯ ಬಾಗಿಲು ಟಪ್ಪೆಂದು ತೆರೆಯಿತು. ಕಾರು ಕೊಂಡ ಹೊಸದರಲ್ಲಿ ಈ ಹಿಡಿಕೆಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದ: ನೋಡಿ, ಹೆಂಗಸರು ಬಾಗಿಲ ಜೊತೆ ಒದ್ದಾಡಬೇಕಾಗಿಲ್ಲ, ಗಂಡ ಒಳಗಿಂದಲೇ ತೆಗೀಬಹುದು. ಅದರಿಂದ ಆದದ್ದೇನೆಂದರೆ ಇಷ್ಟು ವರ್ಷದಲ್ಲಿ ಅವನು ಅವಳಿಗಾಗಿ ಒಂದು ಸಲವೂ ಕಾರಿಂದ ಇಳಿದಿರಲಿಲ್ಲ. ಈ ಯೋಚನೆ ಯಾಕೆ ಇವತ್ತೇ ಬರಬೇಕು?

ಇರ್ಮಾ ಕೂತು, ಸೆರಗಿನ ಹಾಗೆ ಕೋಟಿನ ಅಂಚನ್ನು ಎಳೆದುಕೊಂಡು, ಬಾಗಿಲು ಹಾಕಿದಳು. ಗಾಜಿನ ಮೇಲೆ ಬೆರಳಾಡಿಸಿ ಬೆರಳನ್ನು ನೋಡಿದಳು.

"ಕಾರು ತೊಳೆದಿಲ್ಲ."

"ಪುರುಸೊತ್ತಾಗಲಿಲ್ಲ."

"ರಿಟೈರ್ ಆದೋನಿಗೆ."

"ಥಂಡಿ ಇತ್ತು ಇರ್ಮಾ."

"ನಮ್ಮಮ್ಮನ ಮಣ್ಣಿಗೆ ಹೋಗೋ ದಿನ ಹಿಮ ಬೀಳ್ತಿತ್ತು. ಅವತ್ತು ತೊಳೆದಿದ್ದೆ."

ನಿನ್ನೆ ಸಂಜೆ ಅವನು ಶೆಡ್ಡಿಗೆ ಹೋಗಿದ್ದ ನಿಜ, ತೊಳೆಯಲು ಅಲ್ಲ. ನಾಲ್ಕು ಚಕ್ರಗಳ ಹೊಳೆಯುವ ತಟ್ಟೆಗಳಲ್ಲಿ ಎರಡನ್ನು ಬಿಚ್ಚಿ, ಎಂದೋ ಸೊಟ್ಟಗಾಗಿ ಮೂಲೆಯಲ್ಲಿ ಬಿದ್ದಿದ್ದ ಹಳೆಯವನ್ನು ಹಾಕಿದ್ದ. ಹಿತ್ತಲಿನ ಮಣ್ಣನ್ನು ಬಕೆಟ್ಟಿನಲ್ಲಿ ಕಲಸಿ ಬಾಗಿಲ ಕೆಳಗೆ ಎರಚಿದ್ದ. ಎರಚುವಾಗ ಕೈ ಎಷ್ಟು ನಾಜೂಕಾಗಿತ್ತೆಂದರೆ, ಒಂದು ಹರಳು ಕೂಡ ಬಣ್ಣಕ್ಕೆ ತಾಗಬಾರದೆಂದು ಮಣ್ಣನ್ನು ಮೊದಲು ಜರಡಿ ಹಿಡಿದಿದ್ದ. ಆಮೇಲೆ ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಅರವತ್ತೆಂಟು ವರ್ಷದ ತಾನು ಮಾಡುತ್ತಿರುವುದೇನು ಎಂದು ನೋಡುತ್ತ, ಬಹಳ ಹೊತ್ತು ಹಾಗೇ ಇದ್ದ.

ಅಲೆಸ್ಸಾಂಡ್ರಿಯಾ ರಸ್ತೆಯ ಪಕ್ಕದಲ್ಲಿದ್ದ ತಗಡಿನ ದೊಡ್ಡ ಕೊಟ್ಟಿಗೆಯಲ್ಲಿ ಇಂಜಿನಿಯರ್ ವಾಸ್ಕೆತ್ತೊ ಇವರಿಬ್ಬರಿಗಾಗಿ ಕಾಯುತ್ತಿದ್ದ. ಹಳೆಯ ಕಾರುಗಳಿಗೆ ಬೆಲೆ ಕಟ್ಟಿಕೊಡುವುದು ಅವನ ಕಸುಬು. ಐವತ್ತರ ಸುಮಾರಿನ ಮನುಷ್ಯ, ನೆಗಡಿಯಿಂದ ಮೂಗು ಕೆಂಪಾಗಿತ್ತು, ಕೊರಳಿಗೆ ಎರಡು ಸುತ್ತು ಮಫ್ಲರ್. ಅವನ ಹಿಂದೆ, ಬಿಳಿ ಹೊದಿಕೆಯ ಕೆಳಗೆ, ಯಾವುದೋ ಚಪ್ಪಟೆ ಕಾರು ಮಲಗಿತ್ತು. ಹೊದಿಕೆ ಸರಿದ ಕಡೆ ಕೆಂಪು ಕಾಣುತ್ತಿತ್ತು. ಮಾತಾಡುವಾಗ ವಾಸ್ಕೆತ್ತೊನ ಕಣ್ಣುಗಳು ಆಗಾಗ ಅತ್ತಲೇ ಹೋಗುತ್ತಿದ್ದವು, ಒಲೆಯ ಮೇಲೆ ಹಾಲಿಟ್ಟು ಬಂದವನ ಹಾಗೆ.

"ನೂರಮೂವತ್ತು," ಎಂದ ಅವನು, ಮೂಗು ಒರೆಸಿಕೊಂಡು. "ನೋಡಿ ಬಹಳ ಕಾಲ ಆಯ್ತು. ನಮ್ಮೂರ ಬ್ಯಾಂಕ್ ಮ್ಯಾನೇಜರ್ ಒಬ್ಬ ಇಟ್ಕೊಂಡಿದ್ದ. ಹೆಣ ಸಾಗಿಸೋ ಗಾಡಿ ಥರ ಓಡಿಸ್ತಿದ್ದ."

ಎವಾಸಿಯೊ ನಕ್ಕ. ನಗು ತಾನಾಗಿಯೇ ಬಂತು, ಬಹುಕಾಲದ ಅಭ್ಯಾಸ. "ಅಂಥದ್ದೇ ಇಂಜಿನಿಯರ್ರೇ, ಏನೂ ವ್ಯತ್ಯಾಸ ಇಲ್ಲ," ಎಂದ.

ವಾಸ್ಕೆತ್ತೊ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದನ್ನು ಹಿಡಿದು ಕಾರನ್ನು ಸುತ್ತತೊಡಗಿದ. ತಗಡಿಗೆ ಅದನ್ನು ಹಚ್ಚುವುದು, ಬಿಡುವುದು. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡು ತಿಂದುಹೋಗಿ ಒಳಗೆ ಮೆತ್ತಿದ್ದಾರೆ ಎಂದರ್ಥ. ಎಲ್ಲೆಡೆಯೂ ಹಿಡಿಯಿತು. ಟಕ್, ಟಕ್, ಟಕ್. ಪ್ರತಿ ಸದ್ದಿಗೂ ಎವಾಸಿಯೊನ ಎದೆ ಹೆಮ್ಮೆಯಿಂದ ಉಬ್ಬುವುದು, ಮರುಗಳಿಗೆಯೇ ಬೆಲೆ ಏರುತ್ತಿದೆಯಲ್ಲ ಎಂದು ಕುಸಿಯುವುದು. ತಡೆಯಲಾರದೆ ಮಾತು ಶುರುಮಾಡಿದ. ಪೆಟ್ರೋಲನ್ನು ಇದು ನೀರಿನಂತೆ ಕುಡಿಯುತ್ತದೆ. ಆಟೋಮ್ಯಾಟಿಕ್ ಗೇರು, ಓಡುವುದಕ್ಕೆ ಮನಸ್ಸೇ ಮಾಡುವುದಿಲ್ಲ. ಊರಿನ ಬೀದಿಯಲ್ಲಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಬಿಡಿಭಾಗ ಹುಡುಕಿ ಹುಡುಕಿ ಜೀವ ಹೋಗುತ್ತದೆ. ಇಷ್ಟಾಗಿ ಫಿಯಟ್ಟು, ಹೆಸರು ಹೇಳಿದರೆ ಯಾರಿಗೆ ಏನನ್ನಿಸುತ್ತದೆ? ಒಂದೊಂದು ಮಾತೂ ಸಲೀಸಾಗಿ, ಉಗುಳು ನುಂಗದೆ, ಬಂತು. ಅವೆಲ್ಲ ತುಲ್ಲಿಯೊನ ಮಾತುಗಳು, ಶಾಲೆಯ ಸ್ಟಾಫ್ ರೂಮಿನ ಮಾತುಗಳು. ಇಷ್ಟು ವರ್ಷ ಅವನು ನಗುತ್ತ ಕೇಳಿಸಿಕೊಂಡದ್ದೆಲ್ಲ ಒಳಗೆಲ್ಲೋ ಬಾಯಿಪಾಠವಾಗಿ ಕೂತಿತ್ತು. ತಾನು ತುಲ್ಲಿಯೊನ ಹಾಗೆ ಹೊಟ್ಟೆ ಮುಂದೆ ಮಾಡಿ ನಿಂತಿದ್ದೇನೆ ಎಂದು ಗೊತ್ತಾಗಿ ಅವನು ಕಾಲು ಬದಲಿಸಿದ.

"ಬಿಡಿಭಾಗ ಸಿಗಲ್ವಾ?" ಎಂದಳು ಇರ್ಮಾ.

ಅವಳು ಅಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತಿದ್ದಳು. ಈಗ ಮುಂದೆ ಬಂದಳು.

"ಅಟ್ಟದ ಮೇಲೆ ಮೂರು ಪೆಟ್ಟಿಗೆ ತುಂಬ ಇಟ್ಟಿದ್ದೀಯಲ್ಲ, ಅದೇನು ಆಲೂಗಡ್ಡೆನಾ?"

"ಇರ್ಮಾ, ಅವರು ಕೆಲಸ ಮಾಡ್ಲಿ."

"ಮಾಡ್ಲಿ, ಬೇಡ ಅಂದೆನಾ. ಇಂಜಿನಿಯರ್ರೇ, ಒಂದ್ನಿಮಿಷ ಈ ಕಡೆ ಬನ್ನಿ. ಅಲ್ಲಲ್ಲ, ಇಲ್ಲಿ ನಿಂತ್ಕೊಳಿ. ಈ ಗೆರೆ ನೋಡಿದ್ರಾ? ಮುಂದಿನ ದೀಪದಿಂದ ಹೊರಟಿದ್ದು ಹಿಂದಿನ ತುದಿ ಮುಟ್ಟೋವರೆಗೂ ಎಲ್ಲೂ ಕೈ ಎತ್ತಿಲ್ಲ. ಒಂದೇ ಉಸಿರಲ್ಲಿ ಎಳೆದದ್ದು. ಆಡಂಬರ ಇಲ್ಲವಲ್ಲ, ಅದಕ್ಕೇ ಯಾರಿಗೂ ಕಾಣಲ್ಲ. ಕಾಣೋಕೆ ಸ್ವಲ್ಪ ಹೊತ್ತು ನಿಲ್ಬೇಕು."

ಎವಾಸಿಯೊನಿಗೆ ಕಿವಿ ಬಿಸಿಯಾಯಿತು. ಅವು ಅವನದೇ ಮಾತು, ಅಕ್ಷರ ಕೂಡ ಬದಲಾಗದೆ. ನೋಲಿಯ ಸಮುದ್ರದ ದಂಡೆಯಲ್ಲಿ, ಕಾರು ಕೊಂಡ ಮೊದಲ ಬೇಸಿಗೆ, ಕಾರನ್ನು ಈಚಲ ಮರದ ಕೆಳಗೆ ನಿಲ್ಲಿಸಿ ಎದುರು ಬದಿಯಲ್ಲಿ ಅವಳನ್ನು ಕೂರಿಸಿಕೊಂಡು ಹೇಳಿದ್ದ. ಅವಳು ಐಸ್‌ಕ್ರೀಮು ತಿನ್ನುತ್ತ ಸಮುದ್ರ ನೋಡುತ್ತಿದ್ದಳು. ಕರಗಿದ ಪಿಸ್ತಾ ಮಣಿಕಟ್ಟಿನ ಮೇಲೆ ಇಳಿದಿತ್ತು. ಇವಳಿಗೆ ಇದು ಹತ್ತುವುದಿಲ್ಲ ಎಂದು ಅವನು ಅಂದೇ ತೀರ್ಮಾನಿಸಿ, ಆಮೇಲೆ ಅವಳ ಮುಂದೆ ಆ ವಿಷಯ ಎತ್ತಿದ್ದೇ ಅಪರೂಪ. ಎತ್ತಿದರೂ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದ. ಅವಳು ಕೇಳಿಸಿಕೊಂಡಿದ್ದಳು. ಈಗ ಅರ್ಧ ಪಾಲಿಗಾಗಿ ಅದನ್ನು ಹೊರಗೆ ತೆಗೆಯುತ್ತಿದ್ದಾಳೆ ಎಂದುಕೊಂಡಾಗ ಕಹಿಯಾಯಿತು, ಹಾಗೆಯೇ ಒಂದು ನೆಮ್ಮದಿಯೂ ಆಯಿತು. ದುಡ್ಡಿಗಾಗಿ ಅನ್ನುವುದಾದರೆ ತಾನೂ ಅವಳೂ ಒಂದೇ.

ವಾಸ್ಕೆತ್ತೊ ಸೌಜನ್ಯಕ್ಕೆ ಆ ಗೆರೆಯನ್ನು ನೋಡಿ, ಸೀನಿ, ಬಾಗಿಲು ತೆರೆದು ಒಳಗೆ ಬಗ್ಗಿದ. ಕಡು ಹಳದಿ ಬಣ್ಣದ ಮಕಮಲ್ಲಿನ ಸೀಟುಗಳ ಮೇಲೆ ಟಾರ್ಚ್ ಬಿಟ್ಟ. ಬೆರಳಿಂದ ನವಿರನ್ನು ಆ ಕಡೆ ಈ ಕಡೆ ತಿರುಗಿಸಿದ.

"ಇದು ಬದಲಾಯಿಸಿದ್ದು ತಾನೆ? ಇಷ್ಟು ಚೊಕ್ಕಟ ಇರೋಕೆ ಸಾಧ್ಯ ಇಲ್ಲ."

"ಇಲ್ಲ, ಮೊದಲಿಂದಲೂ ಇರೋದೇ," ಎಂದಳು ಇರ್ಮಾ. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ಒಂದು ಕಲೆ ಕೂಡ ಬಿದ್ದಿಲ್ಲ. ಅದಕ್ಕೆ ನಾನೇ ಸಾಕ್ಷಿ. ಬೀಳದ ಹಾಗೆ ಇವರು ನೋಡ್ಕೊಂಡ್ರು."

ಎಷ್ಟೋ ವರ್ಷದ ಹಿಂದಿನ ಒಂದು ಆಗಸ್ಟಿನ ಮಧ್ಯಾಹ್ನ. ಸಮುದ್ರದಿಂದ ವಾಪಸು ಬರುವ ದಾರಿ, ಬೆಟ್ಟ ಹತ್ತಿ ಇಳಿದರೆ ಬಯಲು. ಇರ್ಮಾ ನಾಲ್ಕು ತಿಂಗಳ ಬಸುರಿ. ಹೊಟ್ಟೆ ಹಿಂಡಿದ ಹಾಗಾಗುತ್ತಿದೆ, ಸ್ವಲ್ಪ ನಿಲ್ಲಿಸು ಎಂದಿದ್ದಳು. ಪೆಟ್ರೋಲು ಬಂಕಿನಲ್ಲಿ ನಿಲ್ಲಿಸಿದ. ಅವಳು ಹಿಂದಿನ ಶೌಚಾಲಯಕ್ಕೆ ಹೋಗಿ ಬಹಳ ಹೊತ್ತಿನ ಮೇಲೆ ಗೋಡೆ ಹಿಡಿದುಕೊಂಡು ಬಂದಳು. ಬಿಳಿ ಸ್ಕರ್ಟಿನ ಹಿಂದೆ ಅಂಗೈಯಗಲ ಕೆಂಪು. ಎವಾಸಿಯೊ, ರಕ್ತ, ಎಂದಳು. ಅವನು ಓಡಿದ, ಓಡಿದ್ದು ಖಂಡಿತ. ಅವಳ ಕಡೆ ಓಡಬೇಕಾದವನು ಡಿಕ್ಕಿಯ ಕಡೆ ಓಡಿದ. ಸಮುದ್ರದ ಟವೆಲ್ ತೆಗೆದು ಸೀಟಿನ ಮೇಲೆ ಹಾಸಿದ. ಅದು ತೆಳ್ಳಗಿದೆ ಅನ್ನಿಸಿ, ಹಿಂದಿನ ಸೀಟಿನಲ್ಲಿದ್ದ ಪತ್ರಿಕೆಯನ್ನು ಬಿಡಿಸಿ, ಹಾಳೆ ಹಾಳೆಯಾಗಿ, ಅಂಚಿಗೆ ಅಂಚು ಕೂಡಿಸಿ ಹರಡಿದ. ರೇಖಾಚಿತ್ರದ ಮೇಷ್ಟರು. ಅವಳು ಬಾಗಿಲು ಹಿಡಿದುಕೊಂಡು ಅದನ್ನೆಲ್ಲ ನೋಡುತ್ತ ನಿಂತಿದ್ದಳು. ಅವನು ಮುಗಿಸುವವರೆಗೂ ಕಾದಳು. ಆಮೇಲೆ ಕೂತಳು. ಆಸ್ಪತ್ರೆ ತಲುಪುವವರೆಗೂ ಕಾಗದ ಸರಭರ ಸದ್ದು ಮಾಡುತ್ತಿತ್ತು. ಅವನು ಕಾರನ್ನು ಎಂದೂ ಓಡಿಸದಷ್ಟು ಜೋರಾಗಿ ಓಡಿಸಿದ್ದ, ಅದನ್ನೇ ಆಮೇಲೆ ಎಲ್ಲರಿಗೂ ಹೇಳಿದ್ದ. ತೊಡೆಗೆ ಅಂಟಿದ್ದ ಅಚ್ಚಿನ ಮಸಿಯನ್ನು ನರ್ಸು ಸ್ಪಿರಿಟ್ಟು ಹಾಕಿ ಒರೆಸಿದಳೆಂದು ಇರ್ಮಾ ತನ್ನ ಅಕ್ಕನ ಹತ್ತಿರ ಹೇಳುತ್ತಿದ್ದದ್ದು ಅವನ ಕಿವಿಗೆ ಬಿದ್ದಿತ್ತು. ಮಗು ಉಳಿಯಲಿಲ್ಲ. ಮತ್ತೆ ಆಗಲೂ ಇಲ್ಲ. ಆ ಹಾಳೆಗಳ ಬಗ್ಗೆ ಅವಳು ಒಂದು ದಿನವೂ ಮಾತೆತ್ತಲಿಲ್ಲ; ಮರೆತಿದ್ದಾಳೆ ಎಂದು ಅವನು ನಂಬಿಕೊಂಡ. ನಂಬುವುದು ಅಷ್ಟೇನೂ ಕಷ್ಟವಾಗಿರಲಿಲ್ಲ.

"ಮೇಷ್ಟ್ರೇ, ಬಾನೆಟ್ ತೆಗೀತೀರಾ?" ಎಂದು ವಾಸ್ಕೆತ್ತೊ ಎರಡನೇ ಸಲ ಕೇಳಿರಬೇಕು.

ತೆಗೆದ. ಇಂಜಿನಿಯರ್ ನೋಡಿದ, ಕೇಳಿಸಿಕೊಂಡ, ತಗ್ಗಿ ಕೆಳಗೆ ಟಾರ್ಚ್ ಬಿಟ್ಟ, ಬದಲಾಯಿಸಿದ್ದ ಚಕ್ರದ ತಟ್ಟೆಗಳನ್ನು ಬೂಟಿನ ತುದಿಯಿಂದ ಒಮ್ಮೆ ಮುಟ್ಟಿ ಏನೂ ಹೇಳದೆ ಮುಂದೆ ಹೋದ. ಕೊನೆಗೆ ಕೈ ಒರೆಸಿಕೊಳ್ಳುತ್ತ ಒಂದು ಮೊತ್ತ ಹೇಳಿದ. ಅಷ್ಟಕ್ಕೆ ಹೊಸದಾಗಿ ಒಂದು ಸಣ್ಣ ಕಾರು ಕೂಡ ಬರುತ್ತಿರಲಿಲ್ಲ. "ಇಂಥದ್ದನ್ನ ಪ್ರೀತಿ ಮಾಡೋರಿದ್ದಾರೆ," ಎಂದ, "ಮಾರ್ಕೆಟ್ ಇಲ್ಲ."

ಎವಾಸಿಯೊ ಗೆದ್ದಿದ್ದ. ಪಿಂಚಣಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಮುಗಿಸಬಹುದು. ಕಾರು ಶೆಡ್ಡಿಗೆ ವಾಪಸು ಹೋಗುತ್ತದೆ. ಗೆದ್ದವನಿಗೆ ಆಗಬೇಕಾದದ್ದು ಏನೂ ಆಗಲಿಲ್ಲ.

"ಅಷ್ಟೇನಾ?" ಎಂದಳು ಇರ್ಮಾ.

"ಅಷ್ಟೇ ಅಮ್ಮ."

ಅವಳು ತಲೆಯಾಡಿಸಿ, ಕೈಚೀಲವನ್ನು ತೋಳಿಗೆ ಏರಿಸಿಕೊಂಡು, ಹೊರಗೆ ನಡೆದಳು. ರಸ್ತೆಯಾಚೆ ಲಾರಿಯವರು ಕಾಫಿಗೆ ನಿಲ್ಲಿಸುವ ಒಂದು ಬಾರು ಇತ್ತು, ಮಂಜಿನಲ್ಲಿ ಅದರ ದೀಪ ಮಾತ್ರ ಕಾಣುತ್ತಿತ್ತು. ಅವನು ಬಾನೆಟ್ ಮುಚ್ಚಿ ಹಿಂದೆಯೇ ಹೋದ. ಒಳಗೆ ಬಿಸಿ, ಕಾಫಿಯ ಹಬೆ, ಯಾರೋ ಇಬ್ಬರು ಫುಟ್‌ಬಾಲಿನ ಬಗ್ಗೆ ಬೈದಾಡುತ್ತಿದ್ದರು. ಇರ್ಮಾ ಕಿಟಕಿಯ ಮೇಜಿನಲ್ಲಿ ಕೋಟು ಬಿಚ್ಚದೆ ಕೂತಿದ್ದಳು. ಅವನಿಗೂ ಸೇರಿಸಿ ಕಾಫಿ ಹೇಳಿದ್ದಳು.

"ನಿಂಗೆ ಕಷ್ಟ ಆಗಲ್ಲ ಈಗ," ಎಂದಳು.

"ನೀನು ಜಾಸ್ತಿ ಬರುತ್ತೆ ಅಂದ್ಕೊಂಡಿದ್ದೆಯೇನೋ. ಮನೆ ಬಾಡಿಗೆಗೆ ಅಂತ..."

"ಯಾವ ಬಾಡಿಗೆ?" ಅವಳು ಅವನನ್ನು ನೋಡಿದಳು, ಕೋಪವಿರಲಿಲ್ಲ, ಕೋಪಕ್ಕೆ ಬೇಕಾದ ಕಸುವೂ ಅವಳಲ್ಲಿ ಉಳಿದಿಲ್ಲ ಅನ್ನುವ ಹಾಗಿತ್ತು. "ನಂಗೆ ಆ ದುಡ್ಡು ತಗೊಂಡು ಏನಾಗ್ಬೇಕು? ಇಷ್ಟು ವರ್ಷ ನಾನು ಅದರ ಹಿಂದೆ, ಎರಡನೇ ಜಾಗದಲ್ಲಿ ಕೂತೆ ಎವಾಸಿಯೊ. ಸರಿ, ಕೂತೆ. ಅದು ಅಂಥಾ ದೊಡ್ಡದೇನೋ ಆಗಿದ್ರೆ, ಸೋತಿದ್ದು ಇಂಥದ್ದಕ್ಕೆ ಅಂತ ಒಂದು ಸಮಾಧಾನ. ಯಾರಿಗೂ ಬೇಡದ ಕಾರಿಗೆ ಸೋತೆ ಅಂದ್ರೆ..." ಅವಳು ಸಕ್ಕರೆಯ ಪೊಟ್ಟಣವನ್ನು ಹರಿದಳು, ಹಾಕಿಕೊಳ್ಳಲಿಲ್ಲ. "ಹೋಗ್ಲಿ ಬಿಡು. ಕಾಫಿ ಆರತ್ತೆ."

ಅವನು ಎದ್ದ. ಒಂದು ಕೈಗವಸು ಬಿಟ್ಟುಬಂದಿದ್ದೇನೆ ಎಂದ. ರಸ್ತೆ ದಾಟುವಾಗ ಮಂಜಿನೊಳಗಿಂದ ಲಾರಿಯೊಂದು ಹಾರ್ನು ಹೊಡೆಯುತ್ತ ಮೈಮೇಲೆ ಬಂದ ಹಾಗೆ ಹಾದುಹೋಯಿತು, ಅವನು ಗಮನಿಸಲಿಲ್ಲ. ವಾಸ್ಕೆತ್ತೊ ಕೆಂಪು ಕಾರಿನ ಹೊದಿಕೆ ತೆಗೆದು ಅದರೊಳಗೆ ಕೂತಿದ್ದ.

"ಇಂಜಿನಿಯರ್ರೇ, ನಾನು ಆಗ ಹೇಳಿದ್ದು ಸುಳ್ಳು," ಎಂದ ಎವಾಸಿಯೊ. "ಬಿಡಿಭಾಗ ಇದೆ. ಒಳ್ಳೇ ತಟ್ಟೆಗಳು ಮನೇಲಿವೆ. ಮಣ್ಣು ನಾನೇ ಎರಚಿದ್ದು. ಇನ್ನೊಂದ್ಸಲ ನೋಡಿ. ದಯವಿಟ್ಟು ಇನ್ನೊಂದ್ಸಲ ನೋಡಿ."

ವಾಸ್ಕೆತ್ತೊ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅವನಿಗೆ ಬೇಸರವೂ ಆಗಲಿಲ್ಲ. "ಮಣ್ಣು ಎರಚಿದ್ದು ಅಂತ ಗೊತ್ತಾಯ್ತು ಮೇಷ್ಟ್ರೇ. ಯಾರೂ ಅಷ್ಟು ಸಮವಾಗಿ ಕೆಸರು ಮಾಡ್ಕೊಳಲ್ಲ. ನೋಡಿ, ಮಾರೋರು ಹೊಗಳ್ತಾರೆ, ಕೊಳ್ಳೋರು ತೆಗಳ್ತಾರೆ, ಬೇರೆಯಾಗೋರು ಎರಡೂ ಮಾಡ್ತಾರೆ. ನಾನು ಯಾರ ಮಾತೂ ಕಿವಿಗೆ ಹಾಕ್ಕೊಳಲ್ಲ. ಇಷ್ಟು ಚೆನ್ನಾಗಿ ಉಳಿದಿರೋ ನೂರಮೂವತ್ತು ನಾನು ಇನ್ನೊಂದು ನೋಡಿಲ್ಲ. ಅದನ್ನ ಲೆಕ್ಕಕ್ಕೆ ತಗೊಂಡೇ ಆ ಬೆಲೆ ಹೇಳಿದ್ದು. ಅದಕ್ಕಿಂತ ಮೇಲೆ ಇಲ್ಲ."

ಅಂದರೆ ಮಣ್ಣು ಜರಡಿ ಹಿಡಿಯದಿದ್ದರೂ ಅಷ್ಟೇ, ತುಲ್ಲಿಯೊನ ಮಾತುಗಳನ್ನು ಆಡದಿದ್ದರೂ ಅಷ್ಟೇ. ಅವನು ಕಾರನ್ನು ಹೀಗಳೆದದ್ದರಿಂದ ಒಂದು ಕಾಸೂ ಇಳಿದಿರಲಿಲ್ಲ. ಆ ಬಯ್ಗುಳ ಯಾರಿಗೂ ಬೇಕಾಗಿರಲಿಲ್ಲ, ಕಾರಿನಂತೆಯೇ. ತಗಡಿನ ಮಾಡಿನಿಂದ ಮಂಜು ಹನಿಹನಿಯಾಗಿ ತೊಟ್ಟಿಕ್ಕುತ್ತಿತ್ತು. ಅವನು ವಾಸ್ಕೆತ್ತೊಗೆ ವಂದನೆ ಹೇಳಿ, ಬಾರಿಗೆ ವಾಪಸಾದ. ಬಾಗಿಲು ತಳ್ಳುವವರೆಗೂ ಏನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ.

"ಸಿಕ್ತಾ ಕೈಗವಸು?"

"ಇಲ್ಲ. ಇರ್ಮಾ, ಆತ ತಪ್ಪು ಮಾಡಿದ್ದ." ಅವನು ಕೂತ. ಆರಿದ ಕಾಫಿಯನ್ನು ಹತ್ತಿರ ಎಳೆದುಕೊಂಡ. "ಈಗ ಫೋನು ಮಾಡಿ ವಿಚಾರಿಸಿದ. ಜಿನೀವಾದಲ್ಲಿ ಮೊನ್ನೆ ಇಂಥದ್ದೇ ಒಂದು ಹರಾಜಲ್ಲಿ ಹೋಗಿದೆಯಂತೆ, ನಮ್ಮದರಷ್ಟು ಚೆನ್ನಾಗೂ ಇರಲಿಲ್ವಂತೆ. ಆತ ಆಗ ಹೇಳಿದ್ನಲ್ಲ, ಅದರ ಎರಡರಷ್ಟು."

"ಎರಡರಷ್ಟು?"

"ಎರಡರಷ್ಟು. ನನ್ನ ಮುಂದೆನೇ ಕ್ಷಮೆ ಕೇಳ್ದ."

ಅವಳು ನಂಬಿದಳೋ ಇಲ್ಲವೋ ಎಂದು ಅವನು ಅವಳ ಮುಖ ನೋಡಿದ. ಎರಡರಷ್ಟರ ಅರ್ಧವೆಂದರೆ ಆ ಕಾರಿನ ನಿಜವಾದ ಬೆಲೆ ಪೂರ್ತಿಯಾಗಿ. ಮಾರಿದರೆ ಬಂದದ್ದೆಲ್ಲ ಅವಳಿಗೆ, ಅವನಿಗೆ ಖಾಲಿ ಶೆಡ್ಡು. ಕಡಿಮೆ ಕೊಡುವವನನ್ನು ವಕೀಲರು ಪ್ರಶ್ನಿಸಿಯಾರು; ಜಾಸ್ತಿ ಕೊಡುತ್ತೇನೆ ಎನ್ನುವವನ ಹತ್ತಿರ ಯಾರು ಸಾಕ್ಷಿ ಕೇಳುತ್ತಾರೆ? ಇದರಿಂದ ಯಾವುದೂ ತೀರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಅವನು ದಣಿದಿದ್ದ, ಅಷ್ಟೆ. ಹೆಚ್ಚು ಹೊತ್ತು ಹಿಡಿದುಕೊಂಡಿದ್ದ ಏನನ್ನೋ ಕೆಳಗಿಡುವುದಾದರೆ ಈಗಲೇ ಇಡಬೇಕು ಅನ್ನಿಸಿತ್ತು.

ಇರ್ಮಾ ಕಿಟಕಿಯ ಹೊರಗೆ ನೋಡಿದಳು. ಕೊಟ್ಟಿಗೆಯ ಬಾಗಿಲಲ್ಲಿ ಕಾರಿನ ಹಿಂಬದಿಯ ಒಂದಿಷ್ಟು ಮಾತ್ರ, ಮಂಜು ಸರಿದಾಗ, ಕಾಣುತ್ತಿತ್ತು. ಬೆಳಗಿನಿಂದ ಮೊದಲ ಸಲ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಕೈಚೀಲದಿಂದ ಫೋನು ತೆಗೆದು, ಕಣ್ಣಿಗೆ ದೂರ ಹಿಡಿದು ನಂಬರು ಒತ್ತಿದಳು. ಅಕ್ಕನಿಗೆ ಕಿವಿ ಮಂದ, ಜೋರಾಗಿ ಹೇಳಬೇಕಿತ್ತು. ಫುಟ್‌ಬಾಲಿನ ಇಬ್ಬರೂ ಬೈಗುಳ ನಿಲ್ಲಿಸಿ ಇತ್ತ ತಿರುಗಿದರು.

"ಅಕ್ಕಾ, ನಾನು. ಹೂಂ, ಮುಗೀತು. ಕೇಳಿಸ್ಕೋ, ಮೊದಲು ತುಲ್ಲಿಯೊ ಭಾವನ್ನ ಕರಿ ಇಲ್ಲಿ. ಕರಿ ಅಂದ್ನಲ್ಲ. ಭಾವ, ಕೂತಿದ್ದೀರಾ? ಕೂತ್ಕೊಳಿ. ಎಷ್ಟಾಯ್ತು ಗೊತ್ತಾ ನಮ್ಮ ಕಾರು?"